78ರ (ನಿಮಿಷಕ್ಕೆ 78 ಸುತ್ತಿನ) ಗ್ರಾಮಫೋನ್ ಪ್ಲೇಟಿಗೂ ನನ್ನ ಕೀಬೋರ್ಡಿಗೂ ಶ್ರುತಿ ಸೇರ್ತಾ ಇಲ್ಲ, ಹ್ಯಾಲೊವೀನ್‌ಗೆ ಮೂರೇ ದಿನ!

ಎನ್‌ಜೆ_ಕನ್ನಡಿಗ: ತಲೆ ಕೆಟ್ಟುಹೋಗಿದೆ. 31ರ ಸಂಜೆ ಚಾಕೊಲೇಟ್ ಕೇಳಲು ಬರುವ ಮಕ್ಕಳನ್ನು ಬಾಗಿಲಲ್ಲೇ ಸ್ವಲ್ಪ ಹೆದರಿಸೋಣ ಅಂತ ಆಸೆ. ಫ್ರೆಂಚ್ ಸಂಯೋಜಕ ಸೇಂಟ್-ಸಾನ್ಸ್‌ನ ‘ಡಾನ್ಸ್ ಮಕಾಬ್ರ್’ (ಸಾವಿನ ಕುಣಿತ) ಪ್ಲೇಟು ಸಿಕ್ಕಿತು. 1925ರಲ್ಲಿ ಕಂಡಕ್ಟರ್ ಸ್ಟೊಕೊವ್‌ಸ್ಕಿ, ಫಿಲಡೆಲ್ಫಿಯಾ ಆರ್ಕೆಸ್ಟ್ರಾ ಇಲ್ಲೇ ನ್ಯೂಜೆರ್ಸಿಯ ಕ್ಯಾಮ್ಡನ್‌ನಲ್ಲಿ ಮಾಡಿದ್ದು. ಮೈಕ್ ಇಟ್ಟು ಮಾಡಿದ ಮೊದಮೊದಲ ಆರ್ಕೆಸ್ಟ್ರಾ ರೆಕಾರ್ಡ್‌ಗಳಲ್ಲಿ ಒಂದು. ಅದರ ಮೇಲೆ ನಾನೇ ಕೀಬೋರ್ಡಿನಲ್ಲಿ ಚರ್ಚ್ ಆರ್ಗನ್ ನುಡಿಸಿ ಸೇರಿಸುತ್ತಿದ್ದೇನೆ. ಪ್ಲೇಟಿನ ಶ್ರುತಿ ಇಳಿದಿದೆ. ಕೀಬೋರ್ಡಿನ ಶ್ರುತಿ ಇಳಿಸುವ ಟ್ರಾನ್ಸ್‌ಪೋಸ್ ಅನ್ನು -1 (ಒಂದು ಸೆಮಿಟೋನ್, ಅಂದರೆ ಪಕ್ಕದ ಮನೆಯಷ್ಟು) ಇಟ್ಟರೆ ಕೀಬೋರ್ಡ್ ಮೇಲೆ, -2 ಇಟ್ಟರೆ ಕೆಳಗೆ. ಯಾಕೆ?

ಸೂಜಿಮಲ್ಲಿಗೆ: ಸೂಜಿ ಯಾವುದು? ಎಲ್‌ಪಿ ಪ್ಲೇಟಿನ ಸೂಜಿ 0.7 ಮಿಲ್ (ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು), 78ಕ್ಕೆ 3 ಮಿಲ್ ಬೇಕು. ಅದೇ ಕಾರಣ.

ಕಪ್ಪುಎರಡು: ಸೂಜಿಯಿಂದ ಶ್ರುತಿ ಇಳಿಯುವುದಿಲ್ಲ ಮಾರಾಯ್ರೆ, ಗೊರಗೊರ ಜಾಸ್ತಿ ಆಗುತ್ತದೆ ಅಷ್ಟೆ. ಅಂದಹಾಗೆ ಈ ಕೃತಿಯಲ್ಲಿ ಸೋಲೋ ಪಿಟೀಲಿನ ಇ ತಂತಿಯನ್ನು ಬೇಕಂತಲೇ ಇ ಫ್ಲ್ಯಾಟ್‌ಗೆ ಇಳಿಸುತ್ತಾರೆ. ಪಿಟೀಲು ಹಿಡಿದಿರುವುದು ಸಾವು ಅಲ್ವಾ. ಅದನ್ನು ಕೇಳಿ ಗಾಬರಿ ಆದಿರಾ?

ಎನ್‌ಜೆ_ಕನ್ನಡಿಗ: ಪಿಟೀಲೊಂದೇ ಅಲ್ಲ ಸರ್, ಮೂಳೆ ಸದ್ದಿನ ಕ್ಸೈಲೋಫೋನೂ ಕೆಳಗಿದೆ. ಜಿ ಮೈನರ್ ಇರಬೇಕಾದ್ದು ಎಫ್‌ಗೂ ಎಫ್ ಶಾರ್ಪಿಗೂ ನಡುವೆ ತೂಗಾಡುತ್ತಿದೆ.

ಕಪ್ಪುಎರಡು: ಅಂದರೆ ನಮ್ಮ ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಬಿಳಿ ಐದು ಹೋಗಿ ಬಿಳಿ ನಾಲ್ಕಕ್ಕೂ ಕಪ್ಪು ಮೂರಕ್ಕೂ ನಡುವೆ. ನಮ್ಮ ಯಕ್ಷಗಾನದ ಭಾಗವತರಾದರೆ ಎದ್ದು ಹೋಗುತ್ತಿದ್ದರು.

ಸೂಜಿಮಲ್ಲಿಗೆ: ಸೂಜಿ ಯಾವುದು ಅಂತ ಇನ್ನೂ ಹೇಳಲಿಲ್ಲ.

ಹಳೇಮನೆ: ದೀಪಾವಳಿ ಬಿಟ್ಟು ಇದೇನ್ರೀ ಭೂತದ ಹಬ್ಬ?

ಕಪ್ಪುಎರಡು: ಊರಲ್ಲಿ ರಾತ್ರಿಯಿಡೀ ಭೂತಕೋಲ ನೋಡಿದವರು ನಾವು, ಇದಕ್ಕೆ ಮಡಿಯಾ?

ಹಳೇಮನೆ: ದೈವವನ್ನು ಇದಕ್ಕೆಲ್ಲ ಹೋಲಿಸಬೇಡಿ.

ತಿರುಗುಮಣೆ: ಜಗಳ ಆಮೇಲೆ. ಇಷ್ಟು ಇಳಿಯಬೇಕಾದರೆ ಪ್ಲೇಟು 72ರ ಹತ್ತಿರ ತಿರುಗಬೇಕು. ಪ್ಲೇಯರಿನಿಂದ ನೇರ ಕೇಳಿದರೂ ಹೀಗೇನಾ, ಇಲ್ಲ ಕಂಪ್ಯೂಟರಿಗೆ ಹಾಕಿದ ಮೇಲಾ?

ಎನ್‌ಜೆ_ಕನ್ನಡಿಗ: ನೇರ ಕೇಳಿದರೆ ಸರಿಯಾಗೇ ಇದೆ. ಪ್ಲೇಟನ್ನು ರೆಕಾರ್ಡರಿಗೆ ಹಿಡಿಯುವಾಗ ಕೊನೆಯಲ್ಲಿ ಅದರ ಬ್ಯಾಟರಿ ಸತ್ತು ಫೈಲ್ ತೆರೆಯಲಿಲ್ಲ. ಆಡಾಸಿಟಿ ಅನ್ನೋ ಆಡಿಯೊ ಸಾಫ್ಟ್‌ವೇರಿನಲ್ಲಿ ರಾ ಡೇಟಾ (ಯಾವ ವಿವರವೂ ಇಲ್ಲದ ಬರೀ ಧ್ವನಿಯ ಅಂಕಿಗಳು) ಅಂತ ಇಂಪೋರ್ಟ್ ಮಾಡಿದೆ. ಅದನ್ನೂ ಹೇಳಬೇಕಿತ್ತಾ?

ತಿರುಗುಮಣೆ: ಅದನ್ನೇ ಹೇಳಬೇಕಿತ್ತು ಸ್ವಾಮಿ! ರೆಕಾರ್ಡರ್ ಸೆಕೆಂಡಿಗೆ 48000 ಸ್ಯಾಂಪಲ್ (ಧ್ವನಿಯ ಅಳತೆ) ಲೆಕ್ಕದಲ್ಲಿ ಬರೆದಿದೆ, ನೀವು 44100 ಅಂತ ತೆರೆದಿದ್ದೀರಿ. ಹಾಗೆ ಮಾಡಿದರೆ 4 ನಿಮಿಷದ್ದು 4 ನಿಮಿಷ 21 ಸೆಕೆಂಡ್ ಓಡುತ್ತೆ, ಶ್ರುತಿ ಸುಮಾರು ಒಂದೂವರೆ ಸೆಮಿಟೋನ್ ಇಳಿಯುತ್ತೆ. ಟ್ರ್ಯಾಕ್ ಮೆನುವಿನಲ್ಲಿ ರೇಟ್ 48000 ಮಾಡಿ. ಟ್ರಾನ್ಸ್‌ಪೋಸ್ ಸೊನ್ನೆಗೆ ತನ್ನಿ.

ಎನ್‌ಜೆ_ಕನ್ನಡಿಗ: ಸೇರಿತು!! ಕೂದಲೆಳೆಯಷ್ಟು ವ್ಯತ್ಯಾಸ ಇದೆ, ಅಷ್ಟೆ.

ಕಪ್ಪುಎರಡು: ಆ ಕಾಲದ ಪ್ಲೇಟುಗಳೆಲ್ಲ ಸರಿಯಾಗಿ 78ರಲ್ಲೇ ಇರುವುದಿಲ್ಲ. ಕೀಬೋರ್ಡಿನ ಟ್ಯೂನಿಂಗನ್ನು (ಎ ಸ್ವರದ ಕಂಪನ) 440ರಿಂದ ಒಂದೆರಡು ಹರ್ಟ್ಸ್ ಆಚೀಚೆ ಮಾಡಿ ನೋಡಿ.

ಸೂಜಿಮಲ್ಲಿಗೆ: ಆದರೂ ಸೂಜಿ ಬದಲಿಸಿ. ನನ್ನ ಹತ್ತಿರ ನಾಲ್ಕು ಕಾರ್ಟ್ರಿಡ್ಜ್ ಇವೆ, ಜೊತೆಗೆ ತಾತನ ಕೀಲಿ ಕೊಡುವ ಗ್ರಾಮಫೋನ್. ಅದಕ್ಕೆ ಬ್ಯಾಟರಿನೂ ಬೇಡ, ನಿಮ್ಮ 48000ವೂ ಬೇಡ. ಫೋಟೊ ಹಾಕಲಾ?