ಸಹಾಯ ಬೇಕು: ಕಲಬುರಗಿ ಹಾಸ್ಟೆಲ್‌ನಲ್ಲಿ ದಾರಿ ತೋರಿಸುವ ನಾಯಿಗೆ ಅನುಮತಿ

ನಮಸ್ಕಾರ್ರೀ. ಕಣ್ಣು ಕಾಣದ ವಿದ್ಯಾರ್ಥಿನಿಗೆ ದಾರಿ ತೋರಿಸುವ ನಾಯಿಯ ಜೊತೆಗೇ ಹಾಸ್ಟೆಲ್ ಕೋಣೆ ಬೇಕಾಗಿದೆ. ‘ಸಾಕುಪ್ರಾಣಿಗೆ ಅವಕಾಶವಿಲ್ಲ’ ಎಂಬ ನಿಯಮ ತೋರಿಸುತ್ತಿದ್ದಾರೆ. ಇದು ಸಾಕುಪ್ರಾಣಿಯ ಮಾತೇ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್‌ ಅಡಿ ಕೇಳುತ್ತಿರುವ ಅನುಕೂಲ. ಬಾಯಿಮಾತಿನ ಒಪ್ಪಿಗೆ ವಾರ್ಡನ್ ಬದಲಾದ ದಿನವೇ ಬಿದ್ದುಹೋಗುತ್ತದೆ, ಅದಕ್ಕೇ ಲಿಖಿತ ಅರ್ಜಿ. ಜೊತೆಗೆ ಯುಡಿಐಡಿ ಕಾರ್ಡ್ (ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ), ನಾಯಿಯ ತರಬೇತಿ ಪತ್ರ, ವರ್ಷಕ್ಕೊಮ್ಮೆ ಹಾಕಿಸುವ ರೇಬಿಸ್ ಲಸಿಕೆಯ ದಾಖಲೆ. ನೆಲಮಹಡಿಯ, ನೆರಳಿನ ಬದಿಯ ಕೋಣೆಯೇ ಆಗಬೇಕು: ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು, ಅಂಗಳದ ಶಹಾಬಾದ್ ಕಲ್ಲಿನ ಮೇಲೆ ಮಧ್ಯಾಹ್ನ ನಾಯಿಯ ಪಾದ ಸುಡುತ್ತದೆ.

ಇಂಥ ಅನುಮತಿ ಪತ್ರದ ಪ್ರತಿ ಯಾರ ಬಳಿಯಾದರೂ ಇದ್ದರೆ ಕಳಿಸ್ರೀ. ಮೆಸ್‌ನಲ್ಲಿ ನಾಯಿ ಎಲ್ಲಿ ಕೂರಬೇಕು, ರೂಮ್‌ಮೇಟ್‌ಗೆ ಅಲರ್ಜಿ ಇದ್ದರೆ ಯಾರ ಕೋಣೆ ಬದಲಿಸಬೇಕು, ಈ ಎರಡು ಸಾಲು ಮುಖ್ಯವಾಗಿ ಬೇಕು.