ಸಿ: ‘ಬೆಂಗಳೂರು’ 20ರ ಅರೇಗೆ ಕಾಪಿ ಮಾಡಿದರೆ ಕೊನೆಯಲ್ಲಿ ಕಸ ಬರುತ್ತದೆ

ಪ್ರಶ್ನೆ:
ಊರಿನ ಹೆಸರನ್ನು ಫೈಲಿನಿಂದ ಓದಿ, 20 ಗಾತ್ರದ ಕ್ಯಾರ್ ಅರೇಗೆ ಸ್ಟ್ರ್‌ಎನ್‌ಕಾಪಿ ಬಳಸಿ ಹಾಕುತ್ತಿದ್ದೇನೆ. ಮೂರನೇ ಆರ್ಗ್ಯುಮೆಂಟೂ (ಹೆಚ್ಚೆಂದರೆ ಎಷ್ಟು ಬೈಟ್ ಕಾಪಿ ಮಾಡಬೇಕು ಎಂಬುದು) 20. ‘ಹಾಸನ’ ಸರಿಯಾಗಿ ಬರುತ್ತದೆ. ‘ಬೆಂಗಳೂರು’ ಕೊಟ್ಟರೆ ‘ಬೆಂಗಳೂ’ ಆದ ಮೇಲೆ ಒಂದು ಚೌಕ, ಆಮೇಲೆ ಏನೇನೋ ಚಿಹ್ನೆ. ಮೂಲ ಪದಕ್ಕೆ ಉದ್ದ ಹೇಳುವ ಸ್ಟ್ರ್‌ಲೆನ್ 24 ಅನ್ನುತ್ತದೆ. ನಾಲ್ಕು ಅಕ್ಷರಕ್ಕೆ 24 ಹೇಗೆ? ಲಿನಕ್ಸ್, ಜಿಸಿಸಿ, ಫೈಲು ಯುಟಿಎಫ್-8.

ಉತ್ತರ 1:
24 ಸರಿಯೇ. ಸ್ಟ್ರ್‌ಲೆನ್‌ಗೆ ಅಕ್ಷರ ಗೊತ್ತಿಲ್ಲ, ಪದದ ಕೊನೆ ಸೂಚಿಸುವ ‘\0’ (ಸೊನ್ನೆ ಬೈಟ್) ಸಿಗುವ ತನಕ ಬೈಟ್ ಎಣಿಸುತ್ತದೆ ಅಷ್ಟೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕೋಡ್‌ಪಾಯಿಂಟಿಗೂ (ಯುನಿಕೋಡ್‌ನಲ್ಲಿ ತನ್ನದೇ ಸಂಖ್ಯೆ ಇರುವ ಅಕ್ಷರ ಅಥವಾ ಗುಣಿತದ ಚಿಹ್ನೆ) 3 ಬೈಟ್. ಬ, ಎತ್ವ, ಅನುಸ್ವಾರ, ಗ, ಳ, ಕೊಂಬಿನ ಇಳಿ, ರ, ಕೊಂಬು: ಒಟ್ಟು 8, ಅಂದರೆ 24 ಬೈಟ್.

ಮೂಲ ಪದ ಉದ್ದವಾಗಿದ್ದರೆ ಸ್ಟ್ರ್‌ಎನ್‌ಕಾಪಿ ಕೊನೆಗೆ ‘\0’ ಹಾಕುವುದೇ ಇಲ್ಲ. ಹಳೆಯ ಯುನಿಕ್ಸ್ ಡೈರೆಕ್ಟರಿಯಲ್ಲಿ ಫೈಲಿನ ಹೆಸರಿಗಿದ್ದ 14 ಬೈಟಿನ ಜಾಗ ತುಂಬಲು ಹುಟ್ಟಿದ ಫಂಕ್ಷನ್ ಅದು. ನಿಮ್ಮ 20ರಲ್ಲಿ 18 ಬೈಟ್ ‘ಬೆಂಗಳೂ’, ಉಳಿದ 2 ‘ರ’ದ ತುಂಡು. ಚೌಕ ಅದೇ. ಮುಂದಿನದು ಅರೇ ದಾಟಿ ಪ್ರಿಂಟ್‌ಎಫ್ ಓದಿದ ಪಕ್ಕದ ಮೆಮೊರಿ. ಇದನ್ನು ಹಾಗೇ ಬಿಡಬೇಡಿ, ಪ್ರೋಗ್ರಾಂ ಕ್ರ್ಯಾಶ್ ಕೂಡ ಆಗಬಹುದು.

ಉತ್ತರ 2:
ಎಸ್‌ಎನ್‌ಪ್ರಿಂಟ್‌ಎಫ್ ಬಳಸಿ. ಗಾತ್ರ 20 ಕೊಟ್ಟರೆ ಹೆಚ್ಚೆಂದರೆ 19 ಬೈಟ್ ಬರೆದು ‘\0’ ಹಾಕಿಯೇ ಹಾಕುತ್ತದೆ. ರಿಟರ್ನ್ ವ್ಯಾಲ್ಯೂ ಪೂರ್ತಿ ಪದದ ಉದ್ದ, ಇಲ್ಲಿ 24. ಅದು 20 ಅಥವಾ ಹೆಚ್ಚಿದ್ದರೆ ಪದ ಕತ್ತರಿಸಿದೆ ಎಂದರ್ಥ. ಆದರೂ ‘ರ’ದ 1 ಬೈಟ್ ಉಳಿದಿರುತ್ತದೆ. ಹಾಗಾಗಿ ಮೂಲ ಪದದಲ್ಲಿ ಇಂಡೆಕ್ಸ್ 19ರಿಂದ ಹಿಂದಕ್ಕೆ ಬನ್ನಿ. ಬೈಟಿನ ಬೆಲೆ 128ರಿಂದ 191ರೊಳಗಿದ್ದರೆ ಅದು ಕೋಡ್‌ಪಾಯಿಂಟಿನ ನಡುವಿನದು, ಇನ್ನೊಂದು ಹೆಜ್ಜೆ ಹಿಂದೆ ಸರಿಯಿರಿ. ಇಲ್ಲಿ 18ರಲ್ಲಿ 224 ಸಿಗುತ್ತದೆ, ‘ರ’ ಶುರುವಾಗುವುದು ಅಲ್ಲಿ. ನಿಮ್ಮ ಅರೇಯ 18ರಲ್ಲಿ ‘\0’ ಇಡಿ.

ಹೋಲಿಸುವ ಮುನ್ನ ಅನ್‌ಸೈನ್ಡ್ ಕ್ಯಾರ್‌ಗೆ ಕಾಸ್ಟ್ ಮಾಡಿ. ಎಕ್ಸ್86ರ ಜಿಸಿಸಿಯಲ್ಲಿ ಕ್ಯಾರ್ ಸೈನ್ಡ್ (ಋಣ ಬೆಲೆಯೂ ಇರುವಂಥದ್ದು), 224 ಅಲ್ಲಿ -32 ಆಗಿ ಕಾಣುತ್ತದೆ, ಹೋಲಿಕೆ ಸದ್ದಿಲ್ಲದೆ ತಪ್ಪುತ್ತದೆ.

ಉತ್ತರ 3:
ಉತ್ತರ 2ರ ವಿಧಾನ ಸರಿ, ಆದರೆ ಒತ್ತಕ್ಷರ ಒಡೆಯುತ್ತದೆ. ‘ಕನ್ನಡ’ವನ್ನು 11ರ ಅರೇಗೆ ಹಾಕಿ ನೋಡಿ, ‘ಕನ್’ ಉಳಿಯುತ್ತದೆ. ಊರಿನ ಹೆಸರು ಅರ್ಧ ಆಗಲೇಬಾರದು. ಕತ್ತರಿಸುವ ಬದಲು ಸ್ಟ್ರ್‌ಲೆನ್‌ಗೆ 1 ಕೂಡಿಸಿ ಅಷ್ಟು ಬೈಟ್ ಮ್ಯಾಲಕ್ ಮಾಡಿ (ಮೆಮೊರಿ ಕೇಳಿ ಪಡೆಯಿರಿ), ನಲ್ ಬಂತೇ ಎಂದು ನೋಡಿ, ‘\0’ ಸಮೇತ ಮೆಮ್‌ಕಾಪಿ ಮಾಡಿ, ಕೆಲಸ ಮುಗಿದ ಮೇಲೆ ಫ್ರೀ ಮಾಡಿ. ಮತ್ತೊಂದು: ಅರೇಯನ್ನು ಫಂಕ್ಷನ್ನಿಗೆ ಕಳಿಸಿದ್ದರೆ ಅದರೊಳಗೆ ಸೈಜ್‌ಆಫ್ ಕೊಡುವುದು ಪಾಯಿಂಟರಿನ ಗಾತ್ರ, 64 ಬಿಟ್ ಲಿನಕ್ಸ್‌ನಲ್ಲಿ 8. ಗಾತ್ರವನ್ನು ಬೇರೆ ಆರ್ಗ್ಯುಮೆಂಟ್ ಆಗಿ ಕಳಿಸಿ.