ಬಂಪರ್ ಹೊಡೆದರೆ ಅಂತ ಕೇಳಿದ ತಮ್ಮನಿಗೆ

ತಮ್ಮಾ, ನಿನ್ನೆ ರಾತ್ರಿ ನೀನು ಗ್ರೂಪಿಗೆ ಹಾಕಿದ್ದನ್ನು ಬೆಳಿಗ್ಗೆ ದೋಸೆ ಹೊಯ್ಯುವಾಗ ನೋಡಿದೆ. ನಿನ್ನ ಆಫೀಸಿನವರೊಬ್ಬರು ಕಾಸರಗೋಡಿಗೆ ಹೋಗುತ್ತಾರೆ, ಕೇರಳದ ಓಣಂ ಬಂಪರ್ ಲಾಟರಿ ಟಿಕೆಟ್ ತರಿಸೋಣ, ಎಲ್ಲರೂ ನೂರು ನೂರು ಹಾಕಿ, 25 ಕೋಟಿ ಹೊಡೆದರೆ ನಮ್ಮ ಐದೂ ಮಕ್ಕಳ ಕಾಲೇಜು ಮುಗಿದ ಹಾಗೆ ಅಂದಿದ್ದೀಯ. ಅದರ ಕೆಳಗೆ ಅಪ್ಪಚ್ಚಿ, ದುಡಿಯೋದು ಬಿಟ್ಟು ಇದೆಂಥ ಹುಚ್ಚು ಅಂತ ಬೈದಿದ್ದಾರೆ. ಕಡೆಗೆ ನನ್ನನ್ನೇ ಕೇಳಿದ್ದೀಯ, ಅಕ್ಕಾ ನಿನಗೆ ಅಷ್ಟು ದುಡ್ಡು ಬಂದರೆ ಮೊದಲು ಏನು ಮಾಡುತ್ತೀಯ ಅಂತ.

ನಾನು ಬೈಯುವುದಿಲ್ಲ. ಈಗ ಮಳೆ ಸ್ವಲ್ಪ ಹೊಳವಾಗಿದೆ. ಅಡಿಕೆಯ ಕೊಳೆ ರೋಗಕ್ಕೆ ಎರಡನೇ ಸಲದ ಔಷಧಿ ಹೊಡೆಯುವವರು ತೋಟದಲ್ಲಿದ್ದಾರೆ. ಅವರಿಗೆ ಚಹಾ ಕೊಟ್ಟು ಬಂದು ಜಗುಲಿಯಲ್ಲಿ ಕೂತು ಹೇಳುತ್ತಿದ್ದೇನೆ. ಉದ್ದ ಆಗುತ್ತದೆ, ಪೂರ್ತಿ ಕೇಳು.

ನನ್ನ ನೂರು ರೂಪಾಯಿ ಫೋನ್‌ಪೇ ಮಾಡಿದ್ದೇನೆ. ಆದರೆ ನಿನ್ನ ಆ ಸ್ನೇಹಿತರು ಅಲ್ಲಿನ ಅಂಗಡಿಗೆ ಹೋಗಿ ಕಾಗದದ ಟಿಕೆಟ್ಟನ್ನೇ ತರಬೇಕು. ವಾಟ್ಸಾಪಿನಲ್ಲಿ ಕೇರಳ ಲಾಟರಿ ಮಾರುತ್ತೇವೆ ಅಂತ ಬರುವುದೆಲ್ಲ ಮೋಸ, ಕೇರಳ ಸರ್ಕಾರ ಆನ್‌ಲೈನಿನಲ್ಲಿ ಮಾರುವುದೇ ಇಲ್ಲ. ನಮ್ಮಲ್ಲಂತೂ 2007ರಲ್ಲೇ ಲಾಟರಿ ನಿಂತಿತು. 25 ಕೋಟಿ ಅಂದರೂ ಕೈಗೆ ಅಷ್ಟು ಬರುವುದಿಲ್ಲ. ಏಜೆಂಟರ ಕಮಿಷನ್ ನೂರಕ್ಕೆ ಹತ್ತು ಹೋಗುತ್ತದೆ, ಉಳಿದದ್ದರಲ್ಲಿ ನೂರಕ್ಕೆ ಮೂವತ್ತು ತೆರಿಗೆ. ಹದಿನೈದು ಮುಕ್ಕಾಲು ಕೋಟಿ ಉಳಿಯುತ್ತದೆ. ಅದರ ಮೇಲೂ ಸರ್‌ಚಾರ್ಜು, ಸೆಸ್ಸು ಅಂತ ಕಟ್ಟಬೇಕು. ಟಿಕೆಟ್ಟುಗಳೋ ಅರವತ್ತು, ಎಪ್ಪತ್ತು ಲಕ್ಷ ಮಾರಾಟ ಆಗುತ್ತವೆ. 2024ರಲ್ಲಿ ನಮ್ಮ ಮಂಡ್ಯ ಜಿಲ್ಲೆಯವರೊಬ್ಬರಿಗೇ ಹೊಡೆದಿತ್ತಲ್ಲ, ಅದನ್ನು ನೋಡಿದ ಮೇಲೆ ಎಲ್ಲರಿಗೂ ಆಸೆ ಹುಟ್ಟಿದೆ. ಆಸೆ ಪಡುವುದು ತಪ್ಪಲ್ಲ.

ನಾನೂ ದಿನಾ ಆಸೆ ಪಡುತ್ತೇನೆ. ರಾತ್ರಿ ಪಾತ್ರೆ ತೊಳೆಯುವಾಗ ಶುರುವಾಗುತ್ತದೆ. ಆ ಯೋಚನೆಯಲ್ಲಿ ನಾನು ಮನೆ ಕಟ್ಟಿಸಿಲ್ಲ, ಕಾರು ತಗೊಂಡಿಲ್ಲ. ಮೊದಲು ಸೊಸೈಟಿ ಸಾಲ ತೀರಿಸುತ್ತೇನೆ. ಆಮೇಲೆ ಕಾಲೇಜಿನ ಕೌಂಟರಿನ ಮುಂದೆ ನನ್ನ ಮಗಳು, ನಮ್ಮ ಕೂಸಿನ ಜೊತೆ ನಿಂತಿರುತ್ತೇನೆ. ಒಳಗಿನವರು ಇಷ್ಟು ಕಟ್ಟಿ ಅನ್ನುತ್ತಾರೆ. ನಾನು ಕಟ್ಟುತ್ತೇನೆ. ಆಗ ಕೂಸು ನನ್ನ ಮುಖ ನೋಡುವುದಿಲ್ಲ, ಪಕ್ಕದ ಗೋಡೆಯ ಮೇಲಿನ ನೋಟೀಸು ಓದುತ್ತಿರುತ್ತಾಳೆ. ಅಷ್ಟೇ ನನ್ನ ಕನಸು. ಅವಳು ನನ್ನ ಮುಖ ನೋಡಬಾರದು.

ಯಾಕೆ ಅಂತ ಹೇಳುತ್ತೇನೆ. ಹೋದ ವಾರ ಅವಳ ಸಿಇಟಿ ಆಪ್ಶನ್ ಎಂಟ್ರಿ ಇತ್ತು, ಯಾವ ಕಾಲೇಜು ಮೊದಲು ಬೇಕು, ಯಾವುದು ಆಮೇಲೆ ಅಂತ ಸಾಲಾಗಿ ಹಾಕುವುದು. ಮೊದಲು ನೋಟ್ ಪುಸ್ತಕದ ಕೊನೇ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಪಟ್ಟಿ ಮಾಡಿದ್ದಳು. ಒಂದೊಂದು ಕಾಲೇಜಿನ ಎದುರಿಗೂ ಫೀ ಎಷ್ಟು ಅಂತ ಸಣ್ಣಕ್ಕೆ ಬರೆದಿದ್ದಳು. ಸರ್ಕಾರಿ ಕಾಲೇಜಾದರೆ ವರ್ಷಕ್ಕೆ 40 ಸಾವಿರದ ಮೇಲೆ, ಖಾಸಗಿ ಕಾಲೇಜಿನ ಸರ್ಕಾರಿ ಸೀಟಿಗೆ ಹೆಚ್ಚುಕಡಿಮೆ ಅದರ ದುಪ್ಪಟ್ಟು, ಹಾಸ್ಟೆಲ್ ಬೇರೆ. ಬೆಳಿಗ್ಗೆ ಜಗುಲಿ ಗುಡಿಸುವಾಗ ರಬ್ಬರಿನ ಪುಡಿ ಬಿದ್ದಿತ್ತು. ಹಾಳೆ ತೆಗೆದು ನೋಡಿದರೆ ಮೇಲಿನ ಎರಡು ಸಾಲು ಅಳಿಸಿದ್ದಾಳೆ. ಒತ್ತಿ ಬರೆದದ್ದರಿಂದ ಗೀರು ಹಾಗೇ ಉಳಿದಿತ್ತು, ಬೆಳಕಿಗೆ ಹಿಡಿದರೆ ಓದಬಹುದಿತ್ತು. ಬೆಂಗಳೂರಿನದೊಂದು, ಹುಬ್ಬಳ್ಳಿಯದೊಂದು, ಎರಡೂ ಬಯೋಟೆಕ್ನಾಲಜಿ. ಈಗ ಒಂದನೇ ನಂಬರಿಗೆ ಬಂದಿದ್ದು ಕಾರವಾರದ ಸರ್ಕಾರಿ ಕಾಲೇಜಿನ ಕಂಪ್ಯೂಟರ್ ಸೈನ್ಸ್.

ಕಾರವಾರದ ಹತ್ತಿರ ಮಾಜಾಳಿಯಲ್ಲಿರುವ ಆ ಕಾಲೇಜಿಗೆ ಏನೂ ಕಡಿಮೆ ಇಲ್ಲ. ಆದರೆ ಅವಳಿಗೆ ಬೇಕಾದದ್ದು ಅದಲ್ಲ. ನಮ್ಮ ಮೇಲಿನ ತೋಟಕ್ಕೆ ಎಲೆಚುಕ್ಕಿ ರೋಗ ಬಂದಾಗಿನಿಂದ ಈ ಹುಡುಗಿ ಅಡಿಕೆ ಸೋಗೆ ಹಿಡಿದು ಚುಕ್ಕಿ ನೋಡುತ್ತಾ ಕೂರುತ್ತಾಳೆ. ಇದು ಶಿಲೀಂಧ್ರ ಆಯಿ, ಇದನ್ನು ತಡೆಯುವ ಅಡಿಕೆ ತಳಿ ಮಾಡಬಹುದಾ ಅಂತ ಕೇಳುತ್ತಾಳೆ. ಅಂಥವಳನ್ನು ಕೂರಿಸಿಕೊಂಡು ಯಾಕೆ ಅಳಿಸಿದೆ ಅಂದೆ. "ಬೆಂಗಳೂರು ನನಗೆ ಸೇರೋದಿಲ್ಲ ಆಯಿ. ಕಾರವಾರವೇ ಇಷ್ಟ, ಮಾವನ ಮನೆ ಹತ್ತಿರ" ಅಂದಳು. ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ನಂಬಿದೆನೋ ಇಲ್ಲವೋ ಅಂತ.

ತಮ್ಮಾ, ಈ ಮಾತನ್ನು ನಾನು ಮೊದಲೂ ಕೇಳಿದ್ದೆ. ಹೇಳಿದ್ದು ನೀನು.

ವೆನಿಲ್ಲಾ ನೆನಪಿದೆ ಅಲ್ವಾ? ಅಪ್ಪ 2001ರಲ್ಲಿ ಬಳ್ಳಿ ನೆಟ್ಟರು. ಮಡಗಾಸ್ಕರಿನಲ್ಲಿ ಚಂಡಮಾರುತ ಬಂದು ಬೆಳೆ ಹೋಗಿತ್ತು, ಅದಕ್ಕೆ ರೇಟು ಏರಿತ್ತು. 2003ರಲ್ಲಿ ಹಸಿ ಬೀನ್ಸು ಕಿಲೋಗೆ 3,000 ದಾಟಿದಾಗ ಅಪ್ಪ ಕ್ಯಾಲೆಂಡರಿನ ಹಿಂದೆ ಲೆಕ್ಕ ಬರೆದಿಟ್ಟಿದ್ದರು. ಬಳ್ಳಿಗೆ ಇಷ್ಟು ಗೊಂಚಲು, ಗೊಂಚಲಿಗೆ ಇಷ್ಟು ಕಾಯಿ, ಕೆಳಗೆ ಗೆರೆ ಎಳೆದು "ಮಾಣಿಯ ಇಂಜಿನಿಯರಿಂಗ್". ಮಾಣಿ ಅಂದರೆ ನೀನು. ನಮ್ಮ ಬಳ್ಳಿ ಹೂ ಬಿಟ್ಟಿದ್ದು ಮಾರನೇ ವರ್ಷ. ಆ ಹೂವು ಒಂದೇ ದಿನ ಇರುತ್ತದೆ, ಬೆಳಿಗ್ಗೆ ಅರಳಿದ್ದು ಮಧ್ಯಾಹ್ನಕ್ಕೆ ಬಾಡುತ್ತದೆ. ಇಲ್ಲಿನ ಯಾವ ಹುಳವೂ ಅದಕ್ಕೆ ಪರಾಗ ಮುಟ್ಟಿಸುವುದಿಲ್ಲ, ಕೈಯಲ್ಲೇ ಮಾಡಬೇಕು. ನಮ್ಮ ಆಯಿ ಬೆಳಗಾಗುವ ಮೊದಲೇ ತೋಟಕ್ಕೆ ಇಳಿಯುತ್ತಿದ್ದಳು. ತೆಂಗಿನ ಗರಿಯ ಕಡ್ಡಿಯನ್ನು ಚೂಪು ಮಾಡಿಕೊಂಡು, ಹೂವಿನೊಳಗಿನ ಆ ಸಣ್ಣ ಪರದೆಯನ್ನು ಮೇಲೆತ್ತಿ, ಹೆಬ್ಬೆರಳಿನಲ್ಲಿ ಮೆಲ್ಲಗೆ ಒತ್ತುತ್ತಿದ್ದಳು. ಒಂದೊಂದೇ ಹೂವು. ನಾನೂ ಮಾಡಿದ್ದೇನೆ, ಕಣ್ಣು ಉರಿಯುತ್ತಿತ್ತು. ಕಾಯಿ ಬಲಿಯಲು ಒಂಬತ್ತು ತಿಂಗಳು. ಕಳ್ಳರ ಹೆದರಿಕೆಗೆ ನೀನೂ ಅಪ್ಪನೂ ರಾತ್ರಿ ಬ್ಯಾಟರಿ ಹಿಡಿದು ಕಾದಿದ್ದೀರಿ.

ನಿನ್ನ ಸೆಕೆಂಡ್ ಪಿಯು ಮುಗಿಯುವ ಹೊತ್ತಿಗೆ ರೇಟು ಬಿದ್ದು ವೆನಿಲ್ಲಾ ಕೇಳುವವರೇ ಇರಲಿಲ್ಲ. ಅಪ್ಪ ಚೀಲ ಹೊತ್ತು ಶಿರಸಿ ಪೇಟೆಗೆ ಹೋದವರು ಚೀಲ ಹೊತ್ತೇ ವಾಪಸ್ ಬಂದರು. ಆವತ್ತು ಊಟಕ್ಕೆ ಕೂತಾಗ ನೀನು ಅಂದೆ, "ನನಗೆ ಬಿ.ಎಸ್ಸಿ.ಯೇ ಇಷ್ಟ ಅಪ್ಪ, ಇಂಜಿನಿಯರಿಂಗ್ ತಲೆಗೆ ಹೋಗೋದಿಲ್ಲ." ಅಪ್ಪ ಏನೂ ಹೇಳದೆ ಮಜ್ಜಿಗೆ ಕಲಸಿಕೊಂಡರು. ನಾನು ಬಡಿಸುತ್ತಿದ್ದೆ. ನಿನ್ನ ಪೆಟ್ಟಿಗೆಯಲ್ಲಿ ಮೂರು ಕಾಲೇಜಿನ ಹೆಸರು ಬರೆದ ಚೀಟಿ ಇದ್ದದ್ದು ನನಗೆ ಗೊತ್ತಿತ್ತು. ಆದರೂ ಬಾಯಿ ಬಿಡಲಿಲ್ಲ. ಇಪ್ಪತ್ತು ವರ್ಷದಿಂದ ಅದು ನನ್ನ ಮನಸ್ಸಿನಲ್ಲಿ ಕೂತಿದೆ. ಆವತ್ತು ನಾನೊಬ್ಬಳಾದರೂ ಅಪ್ಪನಿಗೆ ಹೇಳಬೇಕಿತ್ತು.

ಅದಕ್ಕೇ ಈ ಸಲ ಸುಮ್ನೆ ಇರಲಿಲ್ಲ. ರಾತ್ರಿ ನಿನ್ನ ಭಾವನನ್ನೂ ಕೂರಿಸಿಕೊಂಡು ಕೂಸಿನ ಮುಂದೆ ಎಲ್ಲ ಪಾಸ್‌ಬುಕ್ ಇಟ್ಟೆ. ಸೊಸೈಟಿಯದೂ ಇಟ್ಟೆ, ಸಾಲದ್ದೂ ಇಟ್ಟೆ. 2014ರಲ್ಲಿ ಅಡಿಕೆಗೆ ಒಳ್ಳೇ ರೇಟು ಬಂದಿತ್ತಲ್ಲ, ಆ ದುಡ್ಡು ಕೈಯಲ್ಲಿದ್ದಾಗ ಮಾರನೇ ವರ್ಷ ಸುಕನ್ಯಾ ಸಮೃದ್ಧಿ ಖಾತೆ ತೆಗೆದಿದ್ದೆವು. ತಿಂಗಳಿಗೆ ಸಾವಿರ. ಹೊಟ್ಟೆ ಬಟ್ಟೆ ಕಟ್ಟಿ ಆದರೂ ತಪ್ಪಿಸಿಲ್ಲ. ಓದಿಗೆ ಅಂತ ಅದರಲ್ಲಿ ಅರ್ಧ ಈಗ ತೆಗೆಯಬಹುದು. ಮನೆಯ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ದರೆ ಬೋಧನಾ ಶುಲ್ಕ ಇಲ್ಲದ ಸೀಟು ನೂರಕ್ಕೆ ಐದು ಹೆಚ್ಚುವರಿಯಾಗಿ ಇರುತ್ತದೆ, ಎಸ್‌ಎನ್‌ಕ್ಯೂ ಅನ್ನುತ್ತಾರೆ. ಅದಕ್ಕೆ ಆದಾಯ ಪತ್ರ ಕೊಟ್ಟಿದ್ದೇವೆ. ಸಾಲ ಅಂದರೆ ನಿನ್ನ ಭಾವನಿಗೆ ತೋಟ ಅಡ ಇಡುವ ಹೆದರಿಕೆ. ಒಂದು ಬ್ಯಾಂಕಿನಲ್ಲಿ ಪಹಣಿ ತನ್ನಿ ಅಂದುಬಿಟ್ಟಿದ್ದರು, ನಾಲ್ಕು ದಿನ ಇವರಿಗೆ ನಿದ್ದೆ ಇಲ್ಲ. ಆದರೆ ಶಿಕ್ಷಣ ಸಾಲಕ್ಕೆ ಏಳೂವರೆ ಲಕ್ಷದವರೆಗೆ ಆಸ್ತಿ ಇಡಬೇಕಾಗಿಲ್ಲ, ಅದಕ್ಕೆ ಸರ್ಕಾರದ ಗ್ಯಾರಂಟಿ ಯೋಜನೆ ಇದೆ. ಬೇರೆ ಬ್ಯಾಂಕಿನವರು ಕೂರಿಸಿ ಬಿಡಿಸಿ ಹೇಳಿದರು.

ಎಲ್ಲ ಕೂಡಿಸಿದರೆ ಹುಬ್ಬಳ್ಳಿ ಆಗುತ್ತದೆ. ಬೆಂಗಳೂರು ಕಷ್ಟ, ಅದನ್ನೂ ಅವಳಿಗೆ ಹಾಗೇ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಸುಕನ್ಯಾ ಪಾಸ್‌ಬುಕ್ ತೆಗೆದು ಒಂದೊಂದೇ ಸಾಲು ನೋಡಿದಳು, ನಾವು ಎರಡು ತಿಂಗಳದ್ದು ಸೇರಿಸಿ ಕಟ್ಟಿದ ಕಡೆ ಬೆರಳಿಟ್ಟು "ಇದು ಅಜ್ಜಿಯ ಆಪರೇಷನ್ ಆದಾಗ ಅಲ್ವಾ" ಅಂದಳು. ಮತ್ತೆ ಆಪ್ಶನ್ ತೆರೆದು ಹುಬ್ಬಳ್ಳಿ ಒಂದನೇದಕ್ಕೆ ಹಾಕಿದಳು. ಸೀಟು ಸಿಗುತ್ತದೋ ಇಲ್ಲವೋ, ನೋಡಬೇಕು.

ನಿನ್ನ ಮಗನೂ ಈ ವರ್ಷ ಸೆಕೆಂಡ್ ಪಿಯು. ಅವನಿಗೆ ದುಡ್ಡಿನ ವಿಷಯ ಮುಚ್ಚಿಡಬೇಡ, ಎಷ್ಟಿದೆ ಎಷ್ಟಿಲ್ಲ ಅಂತ ಎದುರಿಗೆ ಇಡು. ಗೊತ್ತಿಲ್ಲದಿದ್ದರೆ ಈ ಮಕ್ಕಳು ತಾವೇ ಊಹೆ ಮಾಡಿಕೊಂಡು ಬೇಕಾದದ್ದನ್ನು ಅಳಿಸಿಬಿಡುತ್ತಾರೆ. ಅವನು ಒಂದರಿಂದ ಹತ್ತರವರೆಗೆ ಕನ್ನಡ ಶಾಲೆಯಲ್ಲೇ ಓದಿದ್ದು. ಕನ್ನಡ ಮಾಧ್ಯಮಕ್ಕೆ ನೂರಕ್ಕೆ ಐದು ಸೀಟು ಮೀಸಲಿದೆ. ಆ ಸರ್ಟಿಫಿಕೇಟಿಗೆ ಶಾಲೆಯ ಸಹಿ, ಬಿಇಒ ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ ಎರಡೂ ಬೇಕು. ಕಡೇ ಗಳಿಗೆಯಲ್ಲಿ ಓಡಾಡಬೇಡ, ಈಗಲೇ ಮಾಡಿಸಿಕೋ.

ಟಿಕೆಟ್ ಬಂದ ಮೇಲೆ ಹಿಂದೆ ನಿನ್ನ ಸಹಿ ಹಾಕಿ ಕಪಾಟಿನಲ್ಲಿಡು, ಫೋಟೋ ಎಲ್ಲೂ ಹಾಕಬೇಡ. ಹೊಡೆದರೆ ಮೊದಲು ಬೆಂಗಳೂರಿನ ಆ ಕಾಲೇಜು.

ಇನ್ನೊಂದು, ನಿನ್ನ ಆ ಮೂರು ಕಾಲೇಜಿನ ಚೀಟಿ ಇನ್ನೂ ನನ್ನ ಹತ್ತಿರ ಇದೆ. ಭಾನುವಾರ ಬಂದಾಗ ಕೊಡುತ್ತೇನೆ. ಔಷಧಿ ಹೊಡೆಯುವವರು ಅದಕ್ಕೆ ಬೆರೆಸುವ ಸುಣ್ಣ ಸಾಲದು ಅಂತ ಕರೆಯುತ್ತಿದ್ದಾರೆ, ಹೋಗುತ್ತೇನೆ.